ಉಬುಂಟು, ಫೆಡೋರಾ ಎರಡಕ್ಕೂ ಒಂದೇ ಹೋಮ್: ಒಂದರಲ್ಲಿ ಲಾಗಿನ್ ಆದರೆ ಇನ್ನೊಂದರಲ್ಲಿ ಆಗ್ತಿಲ್ಲ

ನವನಗರ ಡಿಟಿಪಿ (ಬಾಗಲಕೋಟೆ)
ನಮಸ್ಕಾರ ರೀ. ಅಂಗಡಿಯ ಕಂಪ್ಯೂಟರಿನಲ್ಲಿ ವಿಂಡೋಸ್ 10, ಉಬುಂಟು, ಫೆಡೋರಾ ಮೂರೂ ಇವೆ. ಲಗ್ನಪತ್ರಿಕೆ ಕೆಲಸ ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ, ಅದಕ್ಕೆ ವಿಂಡೋಸ್ ಬೇಕೇ ಬೇಕು. ಉಬುಂಟು ನನ್ನದು. ಫೆಡೋರಾ ತಮ್ಮ ಹಾಕಿಕೊಂಡಿದ್ದಾನೆ, ಕಾಲೇಜು ಪ್ರಾಜೆಕ್ಟಿಗೆ. ಎರಡೂ ಲಿನಕ್ಸಿಗೆ ಹೋಮ್ ಪಾರ್ಟಿಷನ್ (ನಮ್ಮ ಫೈಲು, ಸೆಟ್ಟಿಂಗ್ ಇರುವ ಡಿಸ್ಕಿನ ಭಾಗ) ಒಂದೇ. ಎರಡರಲ್ಲೂ ಇಬ್ಬರಿಗೂ ಅಕೌಂಟ್ ಇದೆ. ಹೆಸರು, ಪಾಸ್‌ವರ್ಡ್ ಎಲ್ಲ ಒಂದೇ. ಆದರೂ ಫೆಡೋರಾದಲ್ಲಿ ನನ್ನ ಪಾಸ್‌ವರ್ಡ್ ಹಾಕಿದರೆ ಸ್ಕ್ರೀನ್ ಒಮ್ಮೆ ಕಪ್ಪಾಗಿ ಮತ್ತೆ ಲಾಗಿನ್‌ಗೇ ಬರುತ್ತದೆ. ತಮ್ಮ ಅಲ್ಲಿಂದ ಚೌನ್ (ಫೈಲಿನ ಮಾಲೀಕರನ್ನು ಬದಲಿಸುವ ಕಮಾಂಡ್) ಹಾಕಿ ಸರಿ ಮಾಡಿದ. ಆಮೇಲೆ ಉಬುಂಟುನಲ್ಲಿ ಅದೇ ಕಥೆ ಶುರು. ಜೊತೆಗೆ ವಿಂಡೋಸಿನ ಡಿ ಡ್ರೈವ್ ಲಿನಕ್ಸಿನಲ್ಲಿ ಓದಲು ಮಾತ್ರ ಸಿಗುತ್ತದೆ, ಬರೆಯಲು ಬಿಡುವುದಿಲ್ಲ.

ಟಿಳಕವಾಡಿ ಟಕ್ಸ್ (ಬೆಳಗಾವಿ)
ಎರಡೂ ಕಡೆ ಟರ್ಮಿನಲ್‌ನಲ್ಲಿ ಐಡಿ ಕಮಾಂಡಿನ ಮುಂದೆ ನಿಮ್ಮ ಹೆಸರು ಹಾಕಿ ನೋಡ್ರಿ. ಬಂದ ನಂಬರ್ ಇಲ್ಲಿ ಬರೀರಿ.

ನವನಗರ ಡಿಟಿಪಿ
ಉಬುಂಟುನಲ್ಲಿ ನಾನು 1000, ತಮ್ಮ 1001. ಫೆಡೋರಾದಲ್ಲಿ ಉಲ್ಟಾ.

ಟಿಳಕವಾಡಿ ಟಕ್ಸ್
ಹಾಗೇ ಇರಬೇಕು ಅಂದುಕೊಂಡೆ. ಫೈಲ್ ಯಾರದು ಅಂತ ಲಿನಕ್ಸ್ ಬರೆದಿಡುವುದು ನಂಬರಿನಲ್ಲಿ. ಹೆಸರು ನಮಗೆ ತೋರಿಸಲು ಅಷ್ಟೇ. ಎರಡರಲ್ಲೂ ಮೊದಲು ಮಾಡಿದ ಅಕೌಂಟಿಗೆ 1000 ಸಿಗುತ್ತದೆ. ಫೆಡೋರಾ ಹಾಕಿದ್ದು ತಮ್ಮ, ಹಾಗಾಗಿ ಅಲ್ಲಿ 1000 ಅವನಿಗೆ ಹೋಯಿತು. ಅಲ್ಲಿ ನಿಮ್ಮ ಹೋಮ್ ಅವನ ಸೊತ್ತಾಗಿ ಕಾಣುತ್ತದೆ. ನಿಮಗೆ ಒಳಗೆ ಹೋಗಲು ಅನುಮತಿ ಇಲ್ಲ. ಚೌನ್ ಹಾಕಿದಷ್ಟೂ ಜಗಳ ಆ ಕಡೆಯಿಂದ ಈ ಕಡೆಗೆ ಬರುತ್ತದೆ, ಮುಗಿಯುವುದಿಲ್ಲ.

ಮೊದಲು ಬ್ಯಾಕಪ್ ತೆಗೆಯಿರಿ. ನಂಬರ್ ಬದಲಿಸುವುದು ಫೆಡೋರಾದಲ್ಲಿ ಮಾತ್ರ. ಅಲ್ಲಿ ರೂಟ್‌ಗೆ (ಎಲ್ಲ ಅಧಿಕಾರ ಇರುವ ಅಕೌಂಟ್) ಪಾಸ್‌ವರ್ಡ್ ಇಡಿ. ಇಬ್ಬರೂ ಲಾಗೌಟ್ ಆಗಿ. ಕಂಟ್ರೋಲ್, ಆಲ್ಟ್, ಎಫ್3 ಒತ್ತಿ ಬರುವ ಕಪ್ಪು ಸ್ಕ್ರೀನಿನಲ್ಲಿ ರೂಟ್ ಆಗಿ ಹೋಗಿ. ನೇರ ಅದಲುಬದಲು ಆಗುವುದಿಲ್ಲ, ಎರಡೂ ನಂಬರ್ ಬಳಕೆಯಲ್ಲಿವೆ ಅಲ್ವಾ? ಅಕೌಂಟ್ ಬದಲಿಸುವ ಯೂಸರ್‌ಮಾಡ್ ಕಮಾಂಡಿನಿಂದ ನಿಮ್ಮನ್ನು ಮೊದಲು 2001 ಮಾಡಿ, ತಮ್ಮನನ್ನು 1001 ಮಾಡಿ, ಆಮೇಲೆ ನಿಮ್ಮನ್ನು 1000ಕ್ಕೆ ತನ್ನಿ. ಗ್ರೂಪ್ ನಂಬರಿಗೂ ಇದೇ ದಾರಿ, ಗ್ರೂಪ್‌ಮಾಡ್ ಕಮಾಂಡಿನಿಂದ. ಕೊನೆಗೆ ಯಾರ ಹೋಮ್ ಅವರ ಹೆಸರಿಗೆ ಪೂರ್ತಿ ಚೌನ್. ಫೆಡೋರಾದಲ್ಲಿ ಎಸ್ಇಲಿನಕ್ಸ್ ಎಂಬ ಭದ್ರತಾ ವ್ಯವಸ್ಥೆ ಇದೆ, ಫೈಲುಗಳಿಗೆ ಅದು ಹಾಕುವ ಗುರುತು ಸರಿ ಮಾಡುವ ರಿಸ್ಟೋರ್‌ಕಾನ್ ಕಮಾಂಡನ್ನು ಹೋಮ್ ಮೇಲೆ ಓಡಿಸಲು ಮರೆಯಬೇಡಿ.

ಗುಮ್ಮಟ ಬೈಟ್ಸ್ (ವಿಜಯಪುರ)
ನಂಬರ್ ಸರಿ ಮಾಡಿ, ಖರೆ. ಆದರೆ ಒಂದೇ ಹೋಮ್ ಇಟ್ಟುಕೊಳ್ಳುವುದೇ ಬೇಡ ಅಂತೀನಿ. ಡೆಸ್ಕ್‌ಟಾಪ್ ಸೆಟ್ಟಿಂಗ್ ಎಲ್ಲ ಅಲ್ಲೇ ಅಡಗಿ ಕೂತಿರುತ್ತವೆ. ಹೊಸ ಆವೃತ್ತಿ ಬರೆದಿದ್ದನ್ನು ಹಳೆಯದು ಓದಲು ಹೋಗಿ ಒದ್ದಾಡುತ್ತದೆ. ಎರಡಕ್ಕೂ ಬೇರೆ ಹೋಮ್ ಕೊಡಿ. ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮಾತ್ರ ಒಂದು ಡೇಟಾ ಪಾರ್ಟಿಷನ್‌ನಲ್ಲಿಟ್ಟು ಎರಡೂ ಕಡೆಯಿಂದ ಲಿಂಕ್ ಮಾಡಿ.

ಡಿ ಡ್ರೈವ್ ಸಮಸ್ಯೆ ಬಹುತೇಕ ವಿಂಡೋಸಿನ ಫಾಸ್ಟ್ ಸ್ಟಾರ್ಟಪ್‌ನಿಂದ. ಶಟ್‌ಡೌನ್ ಕೊಟ್ಟರೂ ಅದು ಅರ್ಧ ನಿದ್ದೆಯಲ್ಲೇ ಇರುತ್ತದೆ, ಹಾಗಾಗಿ ಲಿನಕ್ಸ್ ಬರೆಯಲು ಒಪ್ಪುವುದಿಲ್ಲ. ಅಡ್ಮಿನ್ ಕಮಾಂಡ್ ಪ್ರಾಂಪ್ಟಿನಲ್ಲಿ ಪವರ್‌ಸಿಎಫ್‌ಜಿ ಕಮಾಂಡಿನಿಂದ ಹೈಬರ್ನೇಟ್ ಆಫ್ ಮಾಡಿದರೆ ಫಾಸ್ಟ್ ಸ್ಟಾರ್ಟಪ್ಪೂ ಹೋಗುತ್ತದೆ. ಲಿನಕ್ಸಿನಿಂದ ಒತ್ತಾಯ ಮಾಡಿ ಮೌಂಟ್ ಮಾಡಬೇಡಿ (ಡ್ರೈವ್ ಜೋಡಿಸಬೇಡಿ), ವಿಂಡೋಸಿನಲ್ಲಿ ತೆರೆದಿಟ್ಟ ಕೆಲಸ ಹೋಗಬಹುದು.

ಇನ್ನೊಂದು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಅದರಲ್ಲಿ ನುಡಿ ಅಷ್ಟೇ ಇಟ್ಟುಕೊಳ್ಳಿ, ಬ್ಯಾಂಕ್ ಕೆಲಸ ಲಿನಕ್ಸಿನಲ್ಲಿ ಮಾಡಿ.

ನವನಗರ ಡಿಟಿಪಿ
ಆತ್ರಿ! ಇಬ್ಬರಿಗೂ ಎರಡೂ ಕಡೆ ಲಾಗಿನ್ ಆಗುತ್ತಿದೆ. ಡಿ ಡ್ರೈವ್‌ಗೂ ಬರೆಯಬಹುದು. ಆದರೆ ನಾನು ಮೌಂಟ್ ಮಾಡಿದರೆ ತಮ್ಮನಿಗೆ ಬರೆಯಲು ಬರುತ್ತಿಲ್ಲ. ಇನ್ನೊಂದು ತೊಂದರೆ, ಉಬುಂಟುನಲ್ಲಿ ಹೆಸರಿನೊಳಗೆ ಟೈಮ್ ಹಾಕಿ ಉಳಿಸಿದ ಫೈಲುಗಳು ವಿಂಡೋಸಿನಲ್ಲಿ ತೆರೆಯುತ್ತಿಲ್ಲ.

ಗುಮ್ಮಟ ಬೈಟ್ಸ್
ಎರಡಕ್ಕೂ ಮದ್ದು ಎಫ್‌ಸ್ಟ್ಯಾಬ್‌ನಲ್ಲಿದೆ (ಯಾವ ಡ್ರೈವ್ ಹೇಗೆ ಮೌಂಟ್ ಆಗಬೇಕು ಅಂತ ಬರೆದಿಡುವ ಲಿನಕ್ಸ್ ಫೈಲ್). ಎರಡೂ ಲಿನಕ್ಸಿನಲ್ಲಿ 3000 ನಂಬರಿನ ಒಂದು ಗ್ರೂಪ್ ಮಾಡಿ, ಇಬ್ಬರನ್ನೂ ಸೇರಿಸಿ. ಡಿ ಡ್ರೈವಿನ ಸಾಲಿನಲ್ಲಿ ಜಿಐಡಿ (ಗ್ರೂಪ್ ನಂಬರ್) 3000, ಯುಮಾಸ್ಕ್ (ಯಾರಿಗೆ ಅನುಮತಿ ಇಲ್ಲ ಅನ್ನುವ ಸಂಖ್ಯೆ) 007 ಕೊಡಿ. ನೋಫೇಲ್ ಆಯ್ಕೆ ಕೂಡ ಸೇರಿಸಿ, ಇಲ್ಲದಿದ್ದರೆ ಡ್ರೈವ್ ಸಿಗದ ದಿನ ಬೂಟ್ ಅರ್ಧಕ್ಕೇ ನಿಲ್ಲುತ್ತದೆ. ಇನ್ನು ಫೈಲ್ ಹೆಸರಿನಲ್ಲಿ ಕೋಲನ್ ಇದ್ದರೆ ವಿಂಡೋಸ್ ಒಪ್ಪುವುದಿಲ್ಲ, ಪ್ರಶ್ನಾರ್ಥಕ ಚಿಹ್ನೆಯೂ ಅಷ್ಟೇ. ಅದೇ ಸಾಲಿಗೆ ವಿಂಡೋಸ್‌ನೇಮ್ಸ್ ಆಯ್ಕೆ ಸೇರಿಸಿದರೆ ಅಂಥ ಹೆಸರಿಡಲು ಲಿನಕ್ಸೇ ಬಿಡುವುದಿಲ್ಲ. ಈಗಾಗಲೇ ಇರುವ ಫೈಲುಗಳ ಹೆಸರನ್ನು ಅದಕ್ಕೂ ಮೊದಲು ಉಬುಂಟುನಲ್ಲೇ ಬದಲಿಸಿ.