ಪದಚರ್ಚೆ: ಸೋತದ್ದೂ ‘ಸಿದ್ಧಾಂತ’ವೇ?

ಎಲ್ಲರಿಗೂ ನಮಸ್ಕಾರ. ವಿಜ್ಞಾನದ ಇತಿಹಾಸದ ಬಗ್ಗೆ ಜನರ ಮುಂದೆ ಮಾತಾಡುವವರಿಗೆ, ಆ ಮಾತಿಗೆ ಟಿಪ್ಪಣಿ ಬರೆಯುವ ನನ್ನಂಥವರಿಗೆ, ಒಂದು ಪದ ಮತ್ತೆ ಮತ್ತೆ ಕಾಲಿಗೆ ತೊಡರುತ್ತದೆ. ಥಿಯರಿ. ಕನ್ನಡದಲ್ಲಿ ಏನನ್ನಬೇಕು?

ಹೆಚ್ಚು ಬಳಕೆಯಲ್ಲಿರುವುದು ಸಿದ್ಧಾಂತ, ವಾದ ಎರಡೇ. ಐನ್‌ಸ್ಟೈನ್ ಕೊಟ್ಟದ್ದು ಸಾಪೇಕ್ಷತಾ ಸಿದ್ಧಾಂತ, ಡಾರ್ವಿನ್ ಕೊಟ್ಟದ್ದು ವಿಕಾಸವಾದ. ‘ವಿಕಾಸ ಸಿದ್ಧಾಂತ’ ಎಂದು ಬರೆಯುವವರೂ ಇದ್ದಾರೆ, ಆದರೆ ಬಾಯಿಗೆ ಬರುವುದು ವಾದವೇ. ಹಾಗೆಂದ ಕೂಡಲೇ ಸಭೆಯಲ್ಲಿ ಯಾರಾದರೂ ‘ವಾದ ತಾನೇ, ಸಾಬೀತಾಗಿಲ್ವಲ್ಲ’ ಅಂದರೆ ತಪ್ಪು ಅವರದಲ್ಲ. ಇನ್ನು ಥಿಯರಿ ಅಂತಲೇ ಉಳಿಸಿಕೊಂಡರೆ ಅದು ಪ್ರಾಕ್ಟಿಕಲ್ ಅಲ್ಲದ ಕ್ಲಾಸಾಗಿಬಿಡುತ್ತದೆ.

ನಿಜವಾದ ತೊಡಕು ಶುರುವಾಗುವುದು ಸೋತುಹೋದ ಥಿಯರಿಗಳಲ್ಲಿ. ಫ್ಲಾಜಿಸ್ಟನ್ ಕಥೆಯನ್ನೇ ತೆಗೆದುಕೊಳ್ಳಿ. ವಸ್ತು ಉರಿದಾಗ ಅದರೊಳಗಿನ ಫ್ಲಾಜಿಸ್ಟನ್ ಎಂಬ ಉರಿಯುವ ಅಂಶ ಹೊರಗೆ ಬರುತ್ತದೆ ಎಂದು 18ನೇ ಶತಮಾನದಲ್ಲಿ ಬಹಳ ಜನ ನಂಬಿದ್ದರು. ಮುಚ್ಚಿದ ಪಾತ್ರೆಯೊಳಗೆ ಮೇಣದಬತ್ತಿ ಆರಿಹೋಗುವುದು ಯಾಕೆ? ಒಳಗಿನ ಗಾಳಿ ಇನ್ನಷ್ಟು ಫ್ಲಾಜಿಸ್ಟನ್ ಹಿಡಿಯಲಾರದು, ಅದಕ್ಕೆ. 1774ರಲ್ಲಿ ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಪ್ರೀಸ್ಟ್ಲಿ ಪಾದರಸದ ಕೆಂಪು ಭಸ್ಮದ ಮೇಲೆ ದೊಡ್ಡ ಮಸೂರದಿಂದ ಬಿಸಿಲು ಹಾಯಿಸಿ ಒಂದು ಗಾಳಿಯನ್ನು ಹಿಡಿದ. ಅದರಲ್ಲಿ ಬತ್ತಿ ಧಗಧಗ ಉರಿಯಿತು. ಹಾಗಾದರೆ ಇದು ಫ್ಲಾಜಿಸ್ಟನ್ ಕಳೆದುಕೊಂಡ ಗಾಳಿ ಎಂದ. ಲೆಕ್ಕ ಸರಿಯಾಗೇ ಇದೆ, ಅಲ್ವಾ? ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲಾವೋಸಿಯೆ ಅದೇ ಗಾಳಿಗೆ (ಇವತ್ತು ನಾವು ಆಮ್ಲಜನಕ ಅನ್ನುವುದಕ್ಕೆ) ಬೇರೆ ಅರ್ಥ ಹೇಳಿದ. ಲೋಹವನ್ನು ಗಾಳಿಯಲ್ಲಿ ಕಾಯಿಸಿದಾಗ ಸಿಗುವ ಭಸ್ಮ ಆ ಲೋಹಕ್ಕಿಂತ ಜಾಸ್ತಿ ತೂಗುತ್ತದೆ, ಅಂದರೆ ಏನೋ ಒಳಗೆ ಸೇರಿದೆಯೇ ಹೊರತು ಹೊರಗೆ ಹೋಗಿಲ್ಲ ಎಂದ. ಪ್ರೀಸ್ಟ್ಲಿ ಮಾತ್ರ 1804ರಲ್ಲಿ ಸಾಯುವ ತನಕ ಒಪ್ಪಲಿಲ್ಲ.

ಈಗ ಇದನ್ನು ಕನ್ನಡದಲ್ಲಿ ಹೇಳುವಾಗ ಸೋತದ್ದನ್ನು ‘ಫ್ಲಾಜಿಸ್ಟನ್ ವಾದ’ ಎಂದು, ಗೆದ್ದದ್ದನ್ನು ‘ಲಾವೋಸಿಯೆ ಸಿದ್ಧಾಂತ’ ಎಂದು ಬರೆಯುವುದು ತೀರಾ ಸುಲಭ. ಆದರೆ ಹಾಗೆ ಬರೆದರೆ ಕಥೆ ಶುರುವಾಗುವ ಮೊದಲೇ ತೀರ್ಪು ಕೊಟ್ಟಂತೆ. ಎಡಿನ್‌ಬರೋದ ಸಮಾಜಶಾಸ್ತ್ರಜ್ಞ ಡೇವಿಡ್ ಬ್ಲೂರ್ 1976ರಲ್ಲಿ ಹೇಳಿದ್ದು ಇದಕ್ಕೇ ಸಂಬಂಧಪಟ್ಟದ್ದು. ಸರಿ ಎನಿಸಿದ ನಂಬಿಕೆಗೂ ತಪ್ಪು ಎನಿಸಿದ ನಂಬಿಕೆಗೂ ಒಂದೇ ಬಗೆಯ ಕಾರಣ ಹುಡುಕಬೇಕು ಎಂಬುದು ಅವರ ಪಟ್ಟು. ಪೂರ್ತಿ ಒಪ್ಪಬೇಕಿಲ್ಲ, ಆದರೂ ಪದವಾದರೂ ಒಂದೇ ಇರಲಿ ಅಂತ ನನಗನಿಸುತ್ತದೆ.

ನನ್ನ ಒಲವು ಎರಡಕ್ಕೂ ಸಿದ್ಧಾಂತ ಎನ್ನುವ ಕಡೆಗಿದೆ. ‘ಸಿದ್ಧವಾದ ಕೊನೆ ಅಂತಲ್ಲವೇ ಅರ್ಥ, ಬಿದ್ದುಹೋದದ್ದು ಸಿದ್ಧಾಂತ ಹೇಗಾಗುತ್ತೆ’ ಎಂದು ಕೇಳುವವರಿಗೆ ಎರಡು ಮಾತು. ಹಳೆಯ ಕಾಲದ ಖಗೋಳಜ್ಞ ವರಾಹಮಿಹಿರನ ಪಂಚಸಿದ್ಧಾಂತಿಕಾ ಎಂಬ ಗ್ರಂಥದಲ್ಲಿ ಗ್ರಹಗತಿ ಲೆಕ್ಕದ ಐದು ಸಿದ್ಧಾಂತಗಳಿವೆ. ಅವುಗಳಲ್ಲಿ ಸೌರ ಹೆಚ್ಚು ನಿಖರ, ವಾಸಿಷ್ಠ ಮತ್ತು ಪೈತಾಮಹ ದೂರ ಉಳಿದವು ಎಂದು ಅವನೇ ಹೇಳುತ್ತಾನೆ, ಆದರೂ ಐದನ್ನೂ ಸಿದ್ಧಾಂತ ಎಂದೇ ಕರೆಯುತ್ತಾನೆ. ಇನ್ನೊಂದು, ಪದದ ಬೇರು ನೋಡಿಕೊಂಡು ಕೂತರೆ ಆಮ್ಲಜನಕವನ್ನೂ ಬಿಡಬೇಕಾಗುತ್ತದೆ! ಆಮ್ಲಗಳೆಲ್ಲಕ್ಕೂ ಆಕ್ಸಿಜನ್ನೇ ಮೂಲ ಎಂದು ಲಾವೋಸಿಯೆ ತಿಳಿದಿದ್ದ, ಹೆಸರೂ ಹಾಗೇ ಇಟ್ಟ, ನಾವೂ ಹಾಗೇ ಕನ್ನಡಕ್ಕೆ ತಂದುಕೊಂಡೆವು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕವೇ ಇಲ್ಲ. ಯಾರಿಗೂ ತೊಂದರೆ ಆಗಿಲ್ಲ.

ನನಗೆ ಅಳುಕಿರುವುದು ಬೇರಿನ ಬಗ್ಗೆ ಅಲ್ಲ, ಇವತ್ತಿನ ಬಳಕೆಯ ಬಗ್ಗೆ. ಪಕ್ಷದ ಸಿದ್ಧಾಂತ, ‘ನಾನು ಸಿದ್ಧಾಂತ ಬಿಟ್ಟುಕೊಡೋನಲ್ಲ’ ಇಂಥ ಕಡೆ ಅದು ಏನೇ ಆದರೂ ಬಿಡದೆ ಹಿಡಿದುಕೊಳ್ಳುವ ವಿಷಯ. ವಿಜ್ಞಾನದಲ್ಲಿ ಬೇಕಾದದ್ದು ಪುರಾವೆ ಬಂದರೆ ಬಿಡಬಹುದಾದ ವಿಷಯ. ಕೇಳುಗರು ಈ ಎರಡನ್ನೂ ಕಲಸಿಕೊಳ್ಳದ ಹಾಗೆ ಯಾರಾದರೂ ಬರೆದು ಅಥವಾ ಮಾತಾಡಿ ನೋಡಿದ್ದೀರಾ? ‘ಪ್ರತಿಪಾದನೆ’ ಎನ್ನಬಹುದು, ಆದರೆ ಅದು ಒಬ್ಬರ ಹೇಳಿಕೆ ಅನಿಸುತ್ತದೆ, ದೊಡ್ಡ ಚೌಕಟ್ಟು ಅನಿಸುವುದಿಲ್ಲ.

ಇದರ ಜೊತೆಗೆ ಒಂದು ಕ್ರಿಯಾಪದವೂ ಬೇಕು. ಸಿದ್ಧಾಂತವನ್ನು ಮಂಡಿಸುತ್ತಾರೆ, ಸರಿ. ಅದು ಹೋಗುವಾಗ? ‘ಸುಳ್ಳಾಯಿತು’ ಅಂದರೆ ಜಾಸ್ತಿಯಾಯಿತು, ‘ಕೈಬಿಟ್ಟರು’ ಅಂದರೆ ಎಲ್ಲರೂ ಒಂದೇ ದಿನ ಬಿಟ್ಟಂತೆ ಕೇಳಿಸುತ್ತದೆ. ಸದ್ಯಕ್ಕೆ ‘ಚಲಾವಣೆ ತಪ್ಪಿತು’ ಎಂದು ಬರೆಯುತ್ತಿದ್ದೇನೆ. ಇದಕ್ಕಿಂತ ಒಳ್ಳೆಯದಿದ್ದರೆ ತಿಳಿಸಿ.