ಪಿಟಿಎಫ್‌ಇ ಲೈನಿಂಗ್ ವಾಲ್ವ್ ದುಬೈಗೆ ಕಳಿಸಲು ಸ್ಕೋಮೆಟ್ ಪರವಾನಗಿ ಬೇಕೇ?

ಕೇಳಿದ್ದು: ಪೀಣ್ಯದಲ್ಲಿ ನಮ್ಮದು ಸಣ್ಣ ಘಟಕ. ದುಬೈನ ಡೀಲರ್ ಒಬ್ಬರು 1 ಇಂಚಿನ ಪಿಟಿಎಫ್‌ಇ (ಟೆಫ್ಲಾನ್) ಲೈನಿಂಗ್ ಬಾಲ್ ವಾಲ್ವ್ 40, ಅದೇ ಅಳತೆಯ ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) 316 ವಾಲ್ವ್ 60, ಮ್ಯಾಗ್ನೆಟಿಕ್ ಡ್ರೈವ್ ಪಂಪ್ 2 ಕೇಳಿದ್ದಾರೆ. ಮೊದಲು ಡ್ರಾಯಿಂಗ್ ಮೇಲ್ ಮಾಡಿ ಎನ್ನುತ್ತಿದ್ದಾರೆ. 8481ಕ್ಕೆ ಯಾವ ನಿರ್ಬಂಧವೂ ಇಲ್ಲ ಅಂತ ಕ್ಲಿಯರಿಂಗ್ ಏಜೆಂಟ್ ಹೇಳುತ್ತಾರೆ. ನಂಬಬಹುದೇ? ತಿಳಿದವರು ಹೇಳಿ.

ವಾಲ್ವ್ ವಿನ್ಯಾಸದವರು: ನಂಬಬೇಡಿ. 8481 ಸುಂಕದ ಲೆಕ್ಕಕ್ಕೆ ಇರುವ ಸಂಖ್ಯೆ. ಅಡುಗೆಮನೆ ನಲ್ಲಿಗೂ ಅದೇ. ನೀವು ನೋಡಬೇಕಾದ್ದು ಸ್ಕೋಮೆಟ್ ಪಟ್ಟಿ, ಅಸ್ತ್ರಕ್ಕೂ ಬಳಸಬಹುದಾದ, ರಫ್ತಿಗೆ ಪರವಾನಗಿ ಬೇಕಾದ ಸಾಮಾನುಗಳದ್ದು. ಅಂದರೆ ಐಟಿಸಿ-ಎಚ್‌ಎಸ್‌ನ (ಆಮದು-ರಫ್ತು ವರ್ಗೀಕರಣದ) ಶೆಡ್ಯೂಲ್ 2ರ ಅಪೆಂಡಿಕ್ಸ್ 3. ನಿಮ್ಮ ಸಾಮಾನು ಬರುವುದು ಅದರ 3ಡಿ ಭಾಗದಲ್ಲಿ, ರಾಸಾಯನಿಕ ಸ್ಥಾವರದ ಉಪಕರಣಗಳ ಜೊತೆ. ರಾಸಾಯನಿಕ, ಜೈವಿಕ ಅಸ್ತ್ರ ಹರಡದಂತೆ ರಫ್ತು ನಿಯಂತ್ರಿಸುವ ದೇಶಗಳ ಕೂಟ ಆಸ್ಟ್ರೇಲಿಯಾ ಗ್ರೂಪ್. ಭಾರತ 2018ರ ಜನವರಿಯಲ್ಲಿ ಸೇರಿದ ಅದರ ಅಳತೆಗಳೇ ಇಲ್ಲೂ ಇವೆ. ರಾಸಾಯನಿಕ ಅಸ್ತ್ರದ ಕಚ್ಚಾವಸ್ತು ತಯಾರಿಸುವಾಗ ಹೈಡ್ರೋಕ್ಲೋರಿಕ್, ಹೈಡ್ರೋಫ್ಲೋರಿಕ್ ಆಮ್ಲ ಹುಟ್ಟಿ ಮಾಮೂಲಿ ಸ್ಟೀಲನ್ನು ತಿಂದುಹಾಕುತ್ತವೆ. ಹಾಗಾಗಿ ಅದನ್ನು ತಾಳಿಕೊಳ್ಳುವ ಲೋಹ, ಲೈನಿಂಗ್ ಮೇಲೆಯೇ ಕಣ್ಣು.

ಕೇಳಿಕೊಳ್ಳಬೇಕಾದ್ದು ಎರಡೇ: ಅಳತೆ ಎಷ್ಟು, ದ್ರವ ತಾಗುವ ಮೈ ಯಾವುದರದ್ದು. ಅಳತೆ 10 ಮಿ.ಮೀ. ದಾಟಿ, ದ್ರವ ತಾಗುವ ಎಲ್ಲ ಮೈಯೂ ಫ್ಲೋರೋಪಾಲಿಮರ್ (ಪಿಟಿಎಫ್‌ಇ, ಪಿವಿಡಿಎಫ್‌ನಂಥ ಫ್ಲೋರಿನ್ ಪ್ಲಾಸ್ಟಿಕ್), ಗಾಜಿನ ಲೈನಿಂಗ್, ಟೈಟಾನಿಯಂ, ಟ್ಯಾಂಟಲಮ್, ಜಿರ್ಕೋನಿಯಂ, 40%ಕ್ಕಿಂತ ಹೆಚ್ಚು ನಿಕಲ್ ಇರುವ ಮಿಶ್ರಲೋಹ, ಇಂಥವುಗಳಲ್ಲಿ ಒಂದಾಗಿದ್ದರೆ ವಾಲ್ವ್ ಪಟ್ಟಿಯೊಳಗೆ. ನಿಮ್ಮ ಪಿಟಿಎಫ್‌ಇ ಲೈನಿಂಗ್‌ನದು ಒಳಗೇ.

‘ಚೆಂಡು ಬರೀ ಎಸ್‌ಎಸ್ ಹಾಕಿದರೆ ತಪ್ಪಿಸಿಕೊಳ್ಳಬಹುದಲ್ಲ’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಆಗಲ್ಲ. 1ರಿಂದ 4 ಇಂಚಿನ ವಾಲ್ವ್‌ಗೆ ಬೇರೆಯೇ ಒಂದು ನಮೂದಿದೆ: ಬಾಡಿ ಅಥವಾ ಲೈನರ್ ಮಾತ್ರ ಆ ವಸ್ತುವಿನದ್ದಾಗಿದ್ದು, ಚೆಂಡು ಬದಲಾಯಿಸುವಂತಿದ್ದರೂ ಸಾಕು. ಬಿಡಿ ಬಾಡಿ, ಬಿಡಿ ಲೈನರ್ ಕಳಿಸಿದರೂ ಅಷ್ಟೇ.

ಎಸ್‌ಎಸ್ 316, ಎರಕದಲ್ಲಾದರೆ ಸಿಎಫ್8ಎಂ, ಹೊರಗೆ. ಅದರಲ್ಲಿ ನಿಕಲ್ ಸುಮಾರು 9ರಿಂದ 14% ಅಷ್ಟೇ. ಒಳಗಿನ ಪಿಟಿಎಫ್‌ಇ ಸೀಟು, ಗ್ಲ್ಯಾಂಡ್ ಪ್ಯಾಕಿಂಗ್ ಬದಲಾಯಿಸುವ ಸೀಲ್‌ಗಳಾದ್ದರಿಂದ ಲೆಕ್ಕಕ್ಕಿಲ್ಲ. ಆ 60ಕ್ಕೆ ಬೇರೆ ಇನ್‌ವಾಯ್ಸ್ ಮಾಡಿ. ಒಂದೇ ಇನ್‌ವಾಯ್ಸಲ್ಲಿ ತುರುಕಿದರೆ ಅವೂ ಬಂದರಿನಲ್ಲೇ ಕೂರುತ್ತವೆ.

ಎರಕದ ಗುಣಮಟ್ಟ ನೋಡುವವರು: ಮೇಲಿನ ಮಾತಿಗೆ ಒಂದು ಸೇರಿಸಬೇಕು. 25% ದಾಟಿದ ನಿಕಲ್ ಜೊತೆಗೆ 20% ದಾಟಿದ ಕ್ರೋಮಿಯಂ ಇದ್ದರೂ ಪಟ್ಟಿಯೊಳಗೇ. ಅಲಾಯ್ 20 ಎಂಬ ನಿಕಲ್ ಮಿಶ್ರಲೋಹ ಸಿಕ್ಕಿಬೀಳುವುದು ಇಲ್ಲೇ. ಅದರ ಕ್ರೋಮಿಯಂ ಮಿತಿ 19ರಿಂದ 21%. ಒಂದು ಹೀಟ್‌ನಲ್ಲಿ (ಒಮ್ಮೆ ಕರಗಿಸಿದ ಲೋಹದಲ್ಲಿ) 19.6 ಬಂದರೆ ಹೊರಗೆ, ಮುಂದಿನದರಲ್ಲಿ 20.4 ಬಂದರೆ ಒಳಗೆ! ಹೀಟ್ ನಂಬರ್ ಹಿಡಿದು ವಾದಿಸುವ ಬದಲು ಅಲಾಯ್ 20 ಎಲ್ಲವನ್ನೂ ನಿಯಂತ್ರಿತ ಎಂದೇ ಎಣಿಸುವುದು ವಾಸಿ. ಟೆಸ್ಟ್ ಸರ್ಟಿಫಿಕೇಟ್ ಅಂತೂ ಫೈಲಿನಲ್ಲಿರಲಿ.

ಪಂಪ್‌ನವರು: ಮ್ಯಾಗ್ನೆಟಿಕ್ ಡ್ರೈವ್ ಅಂದರೆ ಸೀಲ್ ಇಲ್ಲದ ಪಂಪ್, ಅದಕ್ಕೂ ನಮೂದಿದೆ. ತಯಾರಕರು ಹೇಳುವ ಗರಿಷ್ಠ ಹರಿವು ಗಂಟೆಗೆ 0.6 ಘನ ಮೀಟರ್ ದಾಟಬಾರದು. ನಿಮಿಷಕ್ಕೆ ಬರೀ 10 ಲೀಟರ್, ಯಾವ ಪಂಪೂ ದಾಟುತ್ತದೆ. ‘ಗ್ರಾಹಕರು 8 ಲೀಟರಿಗೆ ಓಡಿಸ್ತಾರೆ’ ಎಂಬ ಸಬೂಬು ನಡೆಯಲ್ಲ. ಕ್ಯಾಟಲಾಗ್‌ನ ಸಂಖ್ಯೆಯೇ ಲೆಕ್ಕ. ದ್ರವ ತಾಗುವ ವಸ್ತುವೂ ಲೆಕ್ಕಕ್ಕೆ ಬರುತ್ತದೆ: ನಿಮ್ಮದು ಪಾಲಿಪ್ರೊಪಿಲೀನ್ ಪಂಪ್ ಆದರೆ ಹೊರಗೆ, ಪಿವಿಡಿಎಫ್ ಆದರೆ ಒಳಗೆ. ಯಾವುದೆಂದು ನೀವು ಬರೆದಿಲ್ಲ.

ರಫ್ತು ಕಾಗದಪತ್ರದವರು: ಡ್ರಾಯಿಂಗ್ ಈಗಲೇ ಕಳಿಸಬೇಡಿ ಸಾರ್. ನಿಯಂತ್ರಿತ ಸಾಮಾನಿನ ತಯಾರಿಕಾ ಡ್ರಾಯಿಂಗ್ ಮೇಲ್‌ನಲ್ಲಿ ಹೋದರೂ ರಫ್ತೇ, ಕಂಟೇನರ್ ಬೇಕಿಲ್ಲ. ಎಲ್ಲರಿಗೂ ಸಿಗುವ ಕ್ಯಾಟಲಾಗ್ ಹಾಳೆ, ಹೊರ ಅಳತೆ ಕೊಟ್ಟು ಮಾತು ಮುಂದುವರಿಸಿ. ಲೈನಿಂಗ್ ಮೋಲ್ಡ್, ಒಳಗಿನ ಟಾಲರೆನ್ಸ್ ಇರುವ ಹಾಳೆ ಬೇಡ. ಪರವಾನಗಿ ಸಿಕ್ಕ ಮೇಲೆ ಅದೇ ಬಳಕೆದಾರರಿಗೆ ಜೋಡಣೆ, ದುರಸ್ತಿಗೆ ಬೇಕಾದಷ್ಟು ಮಾಹಿತಿ ಅದರಲ್ಲೇ ಸೇರುತ್ತದೆ.

ಅರ್ಜಿ ಕೋರಮಂಗಲದ ಡಿಜಿಎಫ್‌ಟಿ (ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ) ಕಚೇರಿಗಲ್ಲ, ಪೋರ್ಟಲ್ ಮೂಲಕ ದೆಹಲಿಯ ಮುಖ್ಯ ಕಚೇರಿಗೆ. ಪರ್ಚೇಸ್ ಆರ್ಡರ್, ತಾಂತ್ರಿಕ ವಿವರ, ಅಂತಿಮ ಬಳಕೆ ಪ್ರಮಾಣಪತ್ರ ಬೇಕು. ಬಹುತೇಕ ಅರ್ಜಿಗಳು ಮುಗ್ಗರಿಸುವುದು ಈ ಪ್ರಮಾಣಪತ್ರದಲ್ಲಿ. ಡೀಲರ್ ಸಹಿ ಒಂದೇ ಸಾಲದು. ಕೊಳ್ಳುವವರು, ಸರಕು ಪಡೆಯುವವರು, ನಿಜವಾಗಿ ವಾಲ್ವ್ ಕೂರಿಸುವ ಕಾರ್ಖಾನೆಯವರು, ಎಲ್ಲರ ಲೆಟರ್‌ಹೆಡ್ ಮೇಲೂ ಬೇಕು. ಸಾಮಾನಿನ ಹೆಸರು, ಸಂಖ್ಯೆ ಆರ್ಡರ್‌ನಲ್ಲಿ ಇದ್ದಂತೆಯೇ ಇರಲಿ. ಆರ್ಡರ್‌ನಲ್ಲಿ 40, ಪ್ರಮಾಣಪತ್ರದಲ್ಲಿ ‘40 ಸೆಟ್’ ಅಂತಿದ್ದರೆ ಪ್ರಶ್ನೆ ಬರುತ್ತದೆ, ಒಂದು ಸುತ್ತು ಹೋಯಿತು. ಬಳಕೆ ಕಾಲಂನಲ್ಲಿ ‘ಇಂಡಸ್ಟ್ರಿಯಲ್ ಯೂಸ್’ ಎಂದಷ್ಟೇ ಬರೆಯಬೇಡಿ. ಯಾವ ಸ್ಥಾವರ, ಯಾವ ಲೈನ್, ಯಾವ ದ್ರವ ಎಂದು ಬರೆಸಿ. ವಿದೇಶಾಂಗ ಇಲಾಖೆ, ಡಿಆರ್‌ಡಿಒ ಮುಂತಾದವರು ಕೂರುವ ಅಂತರ್‌ಸಚಿವಾಲಯ ಸಮಿತಿ ಅದನ್ನೇ ಓದುತ್ತದೆ. ಗ್ರಾಹಕರಿಗೆ ವಾರಗಳ ಲೆಕ್ಕದಲ್ಲಿ ಡೆಲಿವರಿ ಮಾತು ಕೊಡಬೇಡಿ. ಅದೇ ಗ್ರಾಹಕರಿಂದ ಅದೇ ಸಾಮಾನಿನ ಮರು ಆರ್ಡರ್‌ಗೆ ದಾರಿ ಹಗುರ.

ಜಿಎಇಸಿ ಎಂಬ ಸಾಮಾನ್ಯ ಅನುಮತಿ ಸಿಗುತ್ತದಂತೆ ಅಂತ ಯಾರೋ ಹೇಳಬಹುದು. ಅದು ರಾಸಾಯನಿಕಗಳಿಗೂ ಅವುಗಳ ಕೆಲವು ಉಪಕರಣಗಳಿಗೂ ಇರುವುದು, ಆದರೆ ಷರತ್ತುಗಳಿವೆ. ನಿಮ್ಮ ಸಾಮಾನಿಗೆ, ದುಬೈಗೆ ಅನ್ವಯಿಸುತ್ತದೆಯೇ ಎಂದು ಡಿಜಿಎಫ್‌ಟಿಯಲ್ಲೇ ಕೇಳಿ.

ಕೇಳಿದವರು: ಪಂಪ್ ಪಿವಿಡಿಎಫ್. ಡೀಲರ್‌ನ ಕೇಳಿದೆ, ಅಂತಿಮ ಗ್ರಾಹಕರ ಹೆಸರು ‘ಸ್ಟಾಕ್ ಬಂದ ಮೇಲೆ ಹೇಳ್ತೀನಿ’ ಅಂದರು. 316 ಮಾತ್ರ ಮೊದಲು ಕಳಿಸಿಬಿಡಲೇ?

ರಫ್ತು ಕಾಗದಪತ್ರದವರು: ಪಂಪೂ ಪಟ್ಟಿಯೊಳಗೆ ಬಂತು. ಅಂತಿಮ ಬಳಕೆದಾರರ ಹೆಸರಿಲ್ಲದೆ ಈ ಅರ್ಜಿ ಸಾಗುವುದಿಲ್ಲ. 316ಕ್ಕೂ ಒಂದು ಮಾತು: ಪಟ್ಟಿಯಲ್ಲಿಲ್ಲದ ಸಾಮಾನಾದರೂ ಸಮೂಹನಾಶಕ ಅಸ್ತ್ರಕ್ಕೆ ಹೋಗುತ್ತದೆ ಎಂದು ಗೊತ್ತಿದ್ದರೆ, ಹಾಗೆ ನಂಬಲು ಕಾರಣವಿದ್ದರೆ, 2005ರ ಕಾಯ್ದೆ ತಡೆಯುತ್ತದೆ. ಹೆಸರು ಮುಚ್ಚಿಡುವುದು, ಪೂರ್ತಿ ಹಣ ಮುಂಗಡ ಕೊಡುವುದು, ಜೋಡಣೆ–ವಾರಂಟಿ ಬೇಡ ಎನ್ನುವುದು ಅನುಮಾನದ ಗುರುತುಗಳು. ಬಳಕೆದಾರರ ಹೆಸರನ್ನು ಬರಹದಲ್ಲಿ ಕೇಳಿ, ಅವರ ಉತ್ತರವನ್ನು 5 ವರ್ಷ ಫೈಲಿನಲ್ಲಿಡಿ. ಕೊಡದಿದ್ದರೆ 316 ಕೂಡ ಕಳಿಸಬೇಡಿ.