ಚರ್ಚ್‌ಯಾರ್ಡ್‌ಗೆ ಕನ್ನಡದಲ್ಲಿ ಏನನ್ನೋಣ?

ಚೆನ್ನೈನ ಸೇಂಟ್ ಜಾರ್ಜ್ ಕೋಟೆಯೊಳಗಿನ ಸೇಂಟ್ ಮೇರಿ ಚರ್ಚಿನ ಬಗ್ಗೆ ಬರೆಯುತ್ತಿದ್ದೇನೆ. ಕಟ್ಟಡದ ಕಥೆಗೆ ಪದಗಳ ಕೊರತೆ ಆಗಲಿಲ್ಲ. 1678ರಲ್ಲಿ ಸ್ಟ್ರೇನ್‌ಶಮ್ ಮಾಸ್ಟರ್ ಅನ್ನುವವರು ಇಲ್ಲಿನ ಇಂಗ್ಲಿಷ್ ಗವರ್ನರ್ ಆಗಿದ್ದಾಗ ಕೆಲಸ ಶುರುವಾಯಿತು, 1680ರಲ್ಲಿ ಮುಗಿಯಿತು. ಫಿರಂಗಿ ಗುಂಡು ಬಿದ್ದರೂ ತಡೆಯಲಿ ಅಂತ ಚಾವಣಿಯನ್ನು ಕಮಾನು ಕಟ್ಟಿ ದಪ್ಪಗೆ ಮಾಡಿದರು. ನಾನು ಸಿಕ್ಕಿಹಾಕಿಕೊಂಡಿದ್ದು ಸುತ್ತಲಿನ ಅಂಗಳದಲ್ಲಿ.

ಚರ್ಚ್‌ಯಾರ್ಡ್ ಅನ್ನುವ ಪದದಲ್ಲಿ ಚರ್ಚಿನ ಅಂಗಳವೂ ಇದೆ, ಹೂಳುವ ಜಾಗವೂ ಇದೆ. ಸ್ಮಶಾನ ಅಂದುಬಿಟ್ಟರೆ ನಮ್ಮಲ್ಲಿ ಜಾಸ್ತಿ ಜನರಿಗೆ ಊರಾಚೆಯ ಜಾಗ, ಚಿತೆ, ಹೊಗೆ ನೆನಪಾಗುತ್ತದೆ. ಭಾನುವಾರ ಪ್ರಾರ್ಥನೆಗೆ ಹೋಗುವವರು ದಾಟಿ ಹೋಗುವ ಅಂಗಳ ಕಣ್ಣಿಗೆ ಬರುವುದಿಲ್ಲ. ಕರಾವಳಿಯಲ್ಲಿ ಚರ್ಚಿಗೆ ಹೇಳುವ ಇಗರ್ಜಿ ನನಗೆ ತುಂಬಾ ಇಷ್ಟದ ಪದ, ಪೋರ್ಚುಗೀಸಿನಿಂದ ಬಂದದ್ದು, ಆದರೆ ಇಂಗ್ಲಿಷರ ಚರ್ಚಿಗೆ ಅದು ಒಗ್ಗುವುದಿಲ್ಲ ಅನಿಸುತ್ತದೆ.

ಇದಕ್ಕಿಂತ ದೊಡ್ಡ ತೊಡಕು ಕಲ್ಲುಗಳದ್ದು. ಅಂಗಳಕ್ಕೆ ಹಾಸಿರುವ ಚಪ್ಪಡಿಗಳ ಮೇಲೆ ಹೆಸರು, ಇಸವಿ, ಲ್ಯಾಟಿನ್ ಸಾಲುಗಳಿವೆ. ಒಂದರಲ್ಲಿ 1652 ಅಂತಿದೆ, ಅಂದರೆ ಚರ್ಚಿಗಿಂತ ಹಳೆಯದು! ಆದರೆ ಆ ಹೆಸರಿನವರು ಆ ಕಲ್ಲುಗಳ ಕೆಳಗೆ ಇಲ್ಲ. ಹೂಳುವ ಜಾಗ ಮೊದಲು ಕೋಟೆಗೋಡೆಯ ಆಚೆ ಇತ್ತು. 1758-59ರಲ್ಲಿ ಫ್ರೆಂಚರು ಮುತ್ತಿಗೆ ಹಾಕಿದಾಗ ಅಲ್ಲಿನ ಎತ್ತರದ ಗೋರಿಗಳನ್ನೇ ಮರೆ ಮಾಡಿಕೊಂಡು ಕೋಟೆಯ ಮೇಲೆ ಗುಂಡು ಹಾರಿಸಿದರು. ಆಮೇಲೆ ಇಂಗ್ಲಿಷರು ಗೋರಿಗಳನ್ನು ಕೆಡವಿ, ಹೆಸರು ಕೆತ್ತಿದ ಕಲ್ಲುಗಳನ್ನಷ್ಟೇ ಒಳಗೆ ತಂದು ಚರ್ಚಿನ ಸುತ್ತ ಹಾಸಿದರು. ಮದ್ರಾಸಿನ ಗವರ್ನರ್ ಆಗಿದ್ದ ಎಲಿಹು ಯೇಲ್‌ನ ಪುಟ್ಟ ಮಗನನ್ನು ಹೂಳಿದ ಗೋರಿ ಹಳೆಯ ಜಾಗದಲ್ಲೇ ಉಳಿಯಿತು, ಆ ಜಾಗ ಈಗ ಹೈಕೋರ್ಟಿನ ಆವರಣ.

ಹಾಗಾದರೆ ಈ ಚಪ್ಪಡಿಗಳನ್ನು ಗೋರಿಕಲ್ಲು ಅನ್ನಬಹುದಾ? ಗೋರಿ ಅಂದರೆ ಕೆಳಗೆ ಒಬ್ಬರು ಮಲಗಿರಬೇಕು ಅಲ್ವಾ. ನಮ್ಮ ವೀರಗಲ್ಲಿಗೆ ಆ ಕಟ್ಟುಪಾಡಿಲ್ಲ, ಜೈನರ ನಿಸಿದಿಗಲ್ಲಿಗೂ ಇಲ್ಲ, ಸತ್ತವರ ನೆನಪು ಉಳಿದರೆ ಸಾಕು. ಅದೇ ದಾರಿಯಲ್ಲಿ ನಾನು ‘ನೆನಪುಗಲ್ಲು’ ಅಂತ ಬರೆದಿದ್ದೇನೆ, ಸುಮ್ನೆ ಓದಿದರೂ ಅರ್ಥವಾಗುತ್ತದೆ. ಅಂಗಳಕ್ಕೆ ‘ಗೋರಿಯಂಗಳ’ ಅಂತ ಬರೆದು ಇದೇ ಕಾರಣಕ್ಕೆ ಹೊಡೆದುಹಾಕಿದೆ. ನಿಜವಾಗಿ ಹೂಳಿರುವ ಊರ ಚರ್ಚುಗಳಿಗೆ ಅದು ಚೆನ್ನಾಗಿ ಹೊಂದುತ್ತದೆ, ಇಲ್ಲಿಗಲ್ಲ.

ನಿಮ್ಮಲ್ಲಿ ಚರ್ಚಿಗೆ ಹೋಗುವ ಮನೆಯವರಿದ್ದರೆ ದಯವಿಟ್ಟು ಹೇಳಿ, ಹಿರಿಯರು ಆ ಜಾಗಕ್ಕೆ ಬಾಯಿಮಾತಿನಲ್ಲಿ ಏನಂತಿದ್ದರು? ಪುಸ್ತಕದ ಪದ ಬೇಡ, ಹೂ ಇಡಲು ಹೊರಟಾಗ ಮನೆಯಲ್ಲಿ ಹೇಳಿ ಹೋಗುತ್ತಿದ್ದ ಪದ ಬೇಕು.